ಬ್ರೇಕಿಗೆ ಕಟ್ಟಿದ ಗಂಟೆ

ಮೊದಲ ದಿನವೇ ಅವರು ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು ಎದೆಯ ಕಡೆಗೆ ಜಗ್ಗಿದರು. ಎದುರಿಗೆ ಹಾಲಿನವನ ಸೈಕಲ್ಲೊಂದು ಅಡ್ಡ ಬಂದಿತ್ತು. ಕಾರು ನಿಲ್ಲಲಿಲ್ಲ. ನಿಲ್ಲುವುದಿರಲಿ, ಒಮ್ಮೆ ಗುಟುರು ಹಾಕಿ ಮುಂದಕ್ಕೆ ಜಿಗಿಯಿತು. ನನ್ನ ಕಾಲ ಬಳಿ ಇದ್ದ ಎರಡನೇ ಬ್ರೇಕನ್ನು ನಾನು ಒತ್ತಿ ಹಿಡಿಯದಿದ್ದರೆ ವಡಾಳಾದ ಆ ಖಾಲಿ ರಸ್ತೆಯಲ್ಲಿ ಹಾಲು ಹರಿಯುತ್ತಿತ್ತು.

"ಕಾಕಾ, ಇದಕ್ಕ ಲಗಾಮಿಲ್ಲ," ಎಂದೆ.

"ಗೊತ್ತೈತ್ರಿ ಮಾಸ್ತರ," ಎಂದರು, ಇನ್ನೂ ಜಗ್ಗಿ ಹಿಡಿದುಕೊಂಡೇ. "ನನಗ ಗೊತ್ತೈತಿ. ಈ ಕೈಗೆ ಗೊತ್ತಿಲ್ಲ."

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳ ಮಾತಿದು. ನಾನು ಮುಂಬಯಿಯ ಮಾಟುಂಗಾದಲ್ಲಿ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕಿದ್ದೆ. ಮನೆ ಆಂಟಾಪ್ ಹಿಲ್ಲಿನ ಕಾಲನಿಯಲ್ಲಿ. ಸ್ಕೂಲು ಎಂದರೆ ಒಂದು ಮಳಿಗೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ಪಟ, ಎರಡು ಕಾರು. ನನ್ನ ಪಾಲಿಗೆ ಬಂದದ್ದು ಹಳೆಯ ಅಂಬಾಸಿಡರ್, ಗೇರಿನ ಕೋಲು ಸ್ಟೀರಿಂಗಿನ ಕುತ್ತಿಗೆಗೇ ಇದ್ದ ಮಾದರಿ. ಕಲಿಸುವವನ ಕಾಲಿಗೆ ಸಿಗುವಂತೆ ಎಡಗಡೆ ಇನ್ನೊಂದು ಬ್ರೇಕ್ ಪೆಡಲ್ ಕೂರಿಸಿ, ಒಂದು ಕಬ್ಬಿಣದ ಸಲಾಕೆಯಿಂದ ಅದನ್ನು ಮುಖ್ಯ ಪೆಡಲಿಗೆ ಜೋಡಿಸಿದ್ದರು.

ಕಲಿಯಲು ಬರುವವರಲ್ಲಿ ಕಾರಿದ್ದವರು ಕಡಿಮೆ. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯುವವರೇ ಹೆಚ್ಚು. ಬೊರಿವಲಿಯಿಂದ ದಿನವೂ ಲೋಕಲ್ಲಿನ ಬಾಗಿಲಲ್ಲಿ ನೇತಾಡಿಕೊಂಡು ಬರುವ ಗುಮಾಸ್ತರೊಬ್ಬರು, ಸರದಿ ಇನ್ನೂ ಬಾರದ ಕಾರಣ, ಕೈ ಮರೆಯಬಾರದೆಂದು ಎರಡನೇ ಸಲ ಕಲಿಯಲು ಬಂದಿದ್ದರು. ಕಾಲೇಜು ಹುಡುಗರು ಕ್ಲಚ್ ಬಿಡುವುದನ್ನು ಕಲಿಯುವ ಮೊದಲೇ ಮೊಣಕೈಯನ್ನು ಕಿಟಕಿಯ ಹೊರಗಿಡುವುದನ್ನು ಕಲಿತಿರುತ್ತಿದ್ದರು. ಬಸ್ಸಿನ ಕಿಟಕಿಯಿಂದ, ಫುಟ್‌ಪಾತಿನಿಂದ ಕಾರುಗಳನ್ನು ನೋಡಿ ನೋಡಿ ಆಸೆ ಬೆಳೆಸಿಕೊಂಡ ಜನ ಅವರೆಲ್ಲ.

ಕಾಕಾ ಬಂದದ್ದು ಬೇರೆ ಎತ್ತರದಿಂದ. ಬಿಜಾಪುರದ ಕಡೆಯವರು, ಐವತ್ತು ದಾಟಿತ್ತು. ಮೂವತ್ತು ವರ್ಷ ಚೌಪಾಟಿಯ ಸುತ್ತ ವಿಕ್ಟೋರಿಯಾ ಹೊಡೆದಿದ್ದರು. ಕುದುರೆ ಸಾರೋಟಿಗೆ ಮುಂಬಯಿಯಲ್ಲಿ ಅದೇ ಹೆಸರು. ತಲೆಗೆ ಮಾಸಿದ ಕರಿ ಟೊಪ್ಪಿಗೆ, ಹೆಗಲಿಗೆ ಟವಲು. ಅವರ ಕುದುರೆ ಚಂಪಾಗೆ ವಯಸ್ಸಾಗಿತ್ತು. ಹಿಂದಿನ ಮಳೆಗಾಲದಲ್ಲಿ ಡಾಂಬರಿನ ಮೇಲೆ ಕಾಲು ಜಾರಿ ಅದು ಗಾಡಿಯ ಮೂಕಿಮರಕ್ಕೆ ಸಿಕ್ಕಿಕೊಂಡು ಬಿದ್ದಿತ್ತು. "ಇನ್ನೊಂದು ಮಳಿಗಾಲ ಆಕೀನ ಗಾಡಿಗೆ ಕಟ್ಟೂದಿಲ್ಲಂತ ಅವತ್ತs ಆಣಿ ಮಾಡೇನ್ರಿ," ಎಂದಿದ್ದರು. ವಸಯಿಯ ಆಚೆ ಪರಿಚಯದವರೊಬ್ಬರ ಹೊಲದಲ್ಲಿ ಅದಕ್ಕೆ ಜಾಗ ಮಾಡಿದ್ದರು. ತಮಗೆ ಮಾತ್ರ ಇನ್ನೂ ಜಾಗವಿರಲಿಲ್ಲ. ಅವರ ಊರಿನ ಕಡೆಯ ಟ್ಯಾಕ್ಸಿ ಮಾಲೀಕನೊಬ್ಬ ಹಗಲು ಪಾಳಿಗೆ ಗಾಡಿ ಕೊಡುತ್ತೇನೆಂದಿದ್ದ. ಮಳೆ ಹಿಡಿಯುವ ಹೊತ್ತಿಗೆ ಲೈಸೆನ್ಸು ಕೈಯಲ್ಲಿರಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಆಗ ಮಾರ್ಚ್ ತಿಂಗಳು.

ಬೆಳಿಗ್ಗೆ ಆರಕ್ಕೆ ಕಾಲನಿಯ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಕಾರಿಗೆ ಹತ್ತುವ ಮೊದಲು ಬಾನೆಟ್ಟಿನ ಪಕ್ಕವನ್ನು ಎರಡು ಸಲ ತಟ್ಟುತ್ತಿದ್ದರು. ನಾನು ಕ್ರಮದಂತೆ ಶುರುಮಾಡಿದೆ. ಎಂಜಿನ್ ಬಂದ್ ಇಟ್ಟು, ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಎಕ್ಸಲರೇಟರ್. ಕಣ್ಣು ಮುಚ್ಚಿಸಿ ಕೇಳಿದೆ. ಪಾದ ಸರಿಯಾಗಿ ಹೋಗಿ ಸರಿಯಾದ ಪೆಡಲಿನ ಮೇಲೆ ಕೂತಿತು. ಖಾಲಿ ರಸ್ತೆಯಲ್ಲಿ ಗೇರು ಬದಲಿಸುವುದು ನಾಲ್ಕೇ ದಿನದಲ್ಲಿ ಬಂತು. ಹಿಂದಕ್ಕೆ ತೆಗೆಯುವುದಂತೂ ಅವರಿಗೆ ದೊಡ್ಡ ವಿಸ್ಮಯ. "ಚಂಪಾ ನಾಕು ಹೆಜ್ಜಿ ಹಿಂದ ಸರಿಯಾಕ ಎಷ್ಟು ಮಾನಾ ಮರ್ಯಾದಿ ಕೇಳ್ತಾಳ್ರಿ! ಇದು ಅಂದ್ರ ಅಂದಂಗ ಸರೀತೈತಿ," ಎಂದು ಬೇಕಿಲ್ಲದಿದ್ದರೂ ಇನ್ನೊಮ್ಮೆ ಹಿಂದಕ್ಕೆ ಹೋಗಿ ನೋಡುತ್ತಿದ್ದರು.

ರಸ್ತೆ ಓದುವುದರಲ್ಲಿ ಅವರು ನನಗಿಂತ ಮುಂದಿದ್ದರು. ನಿಂತ ಡಬಲ್ ಡೆಕರ್ ಬಸ್ಸು ಯಾವಾಗ ಹೊರಡುತ್ತದೆ, ಯಾವ ಕೈಗಾಡಿಯವನು ತಿರುಗುತ್ತಾನೆ ಎನ್ನುವುದನ್ನು ಮೊದಲೇ ಹೇಳುತ್ತಿದ್ದರು. "ಮಂದೀ ಕಾಲು ನೋಡಬಾರದ್ರಿ ಮಾಸ್ತರ, ಕುತ್ತಿಗಿ ನೋಡಬೇಕು. ದಾಟಾಂವ ಮೊದಲು ಕುತ್ತಿಗಿ ಹೊಳ್ಳಸ್ತಾನು." ಆಮೇಲೆ ಎಷ್ಟೋ ಜನರಿಗೆ ನಾನು ಕಲಿಸಿದ ಪಾಠ ಅದು.

ಕಾರುಗಳ ಬಗ್ಗೆ ಅವರದೇ ಅಭಿಪ್ರಾಯಗಳಿದ್ದವು. ಒಂದು ಬೆಳಿಗ್ಗೆ ಕಿಂಗ್ಸ್ ಸರ್ಕಲ್ಲಿನ ಸಿಗ್ನಲಿನಲ್ಲಿ ನಮ್ಮ ಪಕ್ಕಕ್ಕೆ ಅಮೆರಿಕದ ಒಂದು ಇಂಪಾಲಾ ಕಾರು ಬಂದು ನಿಂತಿತು. ತಿಳಿ ಹಸಿರು ಬಣ್ಣ, ಒಂದು ಸಣ್ಣ ಮನೆಯಷ್ಟು ಉದ್ದ, ಹಿಂಭಾಗದಲ್ಲಿ ಎರಡು ಕಡೆಗೂ ಚಾಚಿದ ರೆಕ್ಕೆ. ಮುಂದಿನ ಬಸ್ಸಿನ ಮೇಲಂತಸ್ತಿನವರೆಲ್ಲ ಒಂದೇ ಕಡೆಗೆ ವಾಲಿ ನೋಡುತ್ತಿದ್ದರು. ಬಟಾಟೆ ಮಾರುವವನು ತಕ್ಕಡಿ ಎತ್ತಿದವನು ಎತ್ತಿದಂತೆಯೇ ನಿಂತಿದ್ದ. ಕಾಕಾ ಪೂರ್ತಿ ಮುಖ ತಿರುಗಿಸಿದರು.

"ರಸ್ತಾ ನೋಡ್ರಿ, ಕಾಕಾ."

"ರಸ್ತಾನs ನೋಡಾಕತ್ತೇನ್ರಿ. ಅದು ರಸ್ತಾದಾಗs ಐತಲ್ಲ."

ಸಿಗ್ನಲ್ ಬಿಟ್ಟ ಮೇಲೆ ಕೇಳಿದೆ, ಅದರಲ್ಲಿ ಅಂಥದ್ದೇನು ಕಂಡಿತು ಎಂದು. ಎಲ್ಲರಂತೆ ರೆಕ್ಕೆಯ ಮಾತು ಬರುತ್ತದೆ ಎಂದುಕೊಂಡಿದ್ದೆ. ಅವರು, "ಹಿಂದ ಕುಂತ ಅಜ್ಜಿ ನೋಡಿದ್ರೇನು? ಕಾಲು ಚಾಚಿ ಕುಂತಿದ್ಲು. ನಾ ಗಾಡಿ ನೋಡೂದು ಹಿಂದಿನ ಸೀಟಿನಿಂದ್ರಿ. ಕುಂತವರ ಮೊಣಕಾಲು ಮಡಚಬಾರದು. ನಮ್ಮ ವಿಕ್ಟೋರಿಯಾದಾಗೂ ಹಂಗs," ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಪ್ರತಿ ಐತವಾರ ನನ್ನ ಗಾಡ್ಯಾಗ ಹವಾ ತಿನ್ನಾಕ ಬರೂ ಶೇಟಜಿ ಹೋದ ವರ್ಷ ಅದನ್ನ ತಗೊಂಡ್ರು," ಎಂದು ಸೇರಿಸಿದರು. ಅದರಲ್ಲಿ ದೂರು ಇರಲಿಲ್ಲ. ಒಳ್ಳೆಯ ಮನೆಗೆ ಮಗಳನ್ನು ಕೊಟ್ಟವರು ಹೇಳುವಂತೆ ಹೇಳಿದರು.

ಇಷ್ಟೆಲ್ಲ ಇದ್ದ ಮನುಷ್ಯನ ಎದುರಿಗೆ ಒಬ್ಬ ಪಾದಚಾರಿ ಥಟ್ಟನೆ ಬಂದರೆ ಸಾಕು, ಎಲ್ಲ ಮಾಯ. ಕೈಗಳು ಸ್ಟೀರಿಂಗನ್ನು ಜಗ್ಗುತ್ತಿದ್ದವು, ಬಲಗಾಲು ಎಕ್ಸಲರೇಟರನ್ನು ನೆಲಕ್ಕೆ ತುಳಿಯುತ್ತಿತ್ತು. ಕೈ ಜಗ್ಗುವುದು ನನಗೆ ಅರ್ಥವಾಗುತ್ತಿತ್ತು, ಮೂವತ್ತು ವರ್ಷ ಲಗಾಮು ಹಿಡಿದ ಕೈ. ಕಾಲು ಯಾಕೆ ತುಳಿಯುತ್ತದೆ? ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಬ್ರೇಕ್ ಮರೆಯುವವರನ್ನು ನಾನು ನೋಡಿದ್ದೆ. ಪ್ರತಿ ಸಲವೂ ತಪ್ಪದೆ ಎಕ್ಸಲರೇಟರನ್ನೇ ಹುಡುಕಿ ತುಳಿಯುವವರನ್ನು ನೋಡಿರಲಿಲ್ಲ.

ಎಕ್ಸಲರೇಟರಿನ ಮೇಲೆ ಒರಟು ಗೋಣಿತಟ್ಟು ಸುತ್ತಿ, ಪಾದಕ್ಕೆ ವ್ಯತ್ಯಾಸ ಗೊತ್ತಾಗಲಿ ಎಂದು ಅವರಿಗೆ ಚಪ್ಪಲಿ ತೆಗೆಸಿದೆ. "ನಡುವ, ನಡುವ" ಎಂದು ಜಪದಂತೆ ಹೇಳಿಸಿದೆ. ನಡುವೆ ನಡುವೆ ಎನ್ನುತ್ತಲೇ ಬಲಕ್ಕೆ ತುಳಿದರು. ಐದನೇ ವಾರದಲ್ಲಿ, ಒಂದು ಉದ್ಯಾನದ ತಿರುವಿನಲ್ಲಿ ಚೆಂಡಿನ ಹಿಂದೆ ಒಬ್ಬ ಹುಡುಗ ಓಡಿ ಬಂದ. ನಾನು ಬ್ರೇಕ್ ಒತ್ತಿದೆ, ಸ್ಟೀರಿಂಗನ್ನು ಎಡಕ್ಕೆ ನೂಕಿದೆ. ಹುಡುಗನಿಗೆ ಏನೂ ಆಗಲಿಲ್ಲ. ಉದ್ಯಾನದ ಕಬ್ಬಿಣದ ಬೇಲಿ ಬಾಗಿತು, ನಮ್ಮ ಎಡಗಡೆಯ ಹೆಡ್‌ಲೈಟು ಪುಡಿಯಾಯಿತು.

ಅವತ್ತು ನಾನು ತಾಳ್ಮೆ ಕಳೆದುಕೊಂಡೆ. "ಏನ್ ಕಾಕಾ, ಮನಷ್ಯಾರ ಕಂಡ್ರ ಹಾಯಿಸಬೇಕಂತ ಅನಸ್ತದೇನು ನಿಮಗ?" ಎಂದುಬಿಟ್ಟೆ. ಅವರು ಕೆಳಗಿಳಿದು, ಚೂರಾದ ಗಾಜನ್ನು ರಸ್ತೆಯಿಂದ ಒಂದೊಂದೇ ಹೆಕ್ಕಿ ಟವಲಿಗೆ ಹಾಕಿಕೊಂಡರು. ಯಾರದೋ ಬರಿಗಾಲಿಗೆ, ಯಾವುದೋ ಎತ್ತಿನ ಗೊರಸಿಗೆ ಚುಚ್ಚಬಾರದಲ್ಲ. ಈಗಲೂ ಆ ಮಾತು ನೆನಪಾದರೆ ನನಗೆ ಮುಜುಗರವಾಗುತ್ತದೆ.

ಸ್ಕೂಲಿನ ಮಾಲೀಕರು ಒಬ್ಬ ಪಾರ್ಸಿ ಮುದುಕರು. ಹೆಡ್‌ಲೈಟು ನೋಡಿ ಕೂಗಾಡಲಿಲ್ಲ. "ಮಾಸ್ತರ, ಆದ್ಮೀ ಅಚ್ಛಾ ಹೈ. ಪಣ್ ಗಾಡೀ ದೋಚ್ ಹೈ," ಎಂದರು. ಮನುಷ್ಯ ಒಳ್ಳೆಯವನು, ಆದರೆ ಇರುವುದು ಎರಡೇ ಗಾಡಿ. ಮೇ ತಿಂಗಳಲ್ಲಿ ಟೆಸ್ಟಿಗೆ ಕೂರಿಸು, ಪಾಸಾದರೆ ಸರಿ, ಇಲ್ಲವಾದರೆ ಬಿಟ್ಟುಬಿಡು ಎಂದರು.

ಟೆಸ್ಟು ತಾಡದೇವದ ಆರ್‌ಟಿಓ ಕಚೇರಿಯಲ್ಲಿ. ಇನ್ಸ್‌ಪೆಕ್ಟರು ಮರಾಠಿ ಮಾತಾಡುವ, ಸಣಕಲು ಮೈಯ, ನಗದ ಮನುಷ್ಯ. ಅವರು ನನ್ನ ಜಾಗದಲ್ಲಿ ಕೂತರು, ನಾನು ಗೇಟಿನಲ್ಲಿ ನಿಂತೆ. ಕಾರು ಚೆನ್ನಾಗಿಯೇ ಹೊರಟಿತು, ಕೈಸನ್ನೆ ಸರಿಯಾಗಿ ಬಂತು. ಅವರು ತಿರುವಿನಾಚೆ ಮರೆಯಾದ ಸ್ವಲ್ಪ ಹೊತ್ತಿಗೆ ನನಗೆ ಪರಿಚಯದ ಆ ಗುಟುರು ಕೇಳಿಸಿತು. ಹಿಂದೆಯೇ ಟೈರಿನ ಕೀರಲು ಸದ್ದು. ತಿರುಗಿ ಬಂದಾಗ ಎರಡನೇ ಬ್ರೇಕಿನ ಮೇಲೆ ಇನ್ಸ್‌ಪೆಕ್ಟರ ಬೂಟು ಇನ್ನೂ ಊರಿಕೊಂಡಿತ್ತು. ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಅಡ್ಡ ಬಂದಿದ್ದಳಂತೆ. ಅವರು ಕಾಗದದ ಮೇಲೆ ಗೀಟು ಎಳೆದು, "ತಯಾರ್ ಹೋಊನ್ ಯೇ," ಎಂದರು. ತಯಾರಾಗಿ ಬಾ, ಅಷ್ಟೇ.

ಮರುದಿನ ಕಾಕಾ ಗೇಟಿನ ಹತ್ತಿರ ಇರಲಿಲ್ಲ. ಅದರ ಮರುದಿನವೂ ಇಲ್ಲ. ಮಾಲೀಕರು ಆರರ ಪಾಠಕ್ಕೆ ಬೇರೆಯವರನ್ನು ಹಾಕುತ್ತೇನೆಂದರು. ಭಾನುವಾರದವರೆಗೆ ತಡೆಯಿರಿ ಎಂದೆ.

ಭಾನುವಾರ ಸಂಜೆ ಚೌಪಾಟಿಗೆ ಹೋದೆ. ವಿಕ್ಟೋರಿಯಾಗಳ ಸಾಲಿನಲ್ಲಿ ಕೊನೆಯದು ಅವರದು. ಹಿತ್ತಾಳೆಯ ದೀಪಗಳನ್ನು ಉಜ್ಜಿ ಹೊಳೆಯುವಂತೆ ಮಾಡಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಮಾಸ್ತರ, ನಿಮ್ಮ ಹೆಸರು ಕೆಡಿಸಿದೆ. ಇನ್ನ ಸಾಕ್ರಿ. ನನ್ನ ಕಾಲು ನನ್ನ ಮಾತು ಕೇಳವಲ್ದು. ಒಂದು ಜೀವ ಹ್ವಾದ ಮ್ಯಾಲೆ ಕಲಿತು ಏನ್ ಮಾಡೂದು?"

"ಒಂದು ಸುತ್ತು ಹಾಕಸ್ರಿ," ಎಂದೆ. ಹಿಂದಿನ ಸೀಟಿನ ಧೂಳು ಜಾಡಿಸಲು ಹೋದರು. ನಾನು ಬೇಡವೆಂದು ಮೇಲೆ ಹತ್ತಿ ಅವರ ಪಕ್ಕದಲ್ಲಿ, ಚಾಲಕನ ಪೀಠದಲ್ಲಿಯೇ ಕೂತೆ. ಎರಡು ತಿಂಗಳು ನನ್ನ ಗಾಡಿಯಲ್ಲಿ ಅವರು ಕಷ್ಟಪಟ್ಟಿದ್ದರು. ಅವರ ಗಾಡಿಯಲ್ಲಿ ಅವರು ಹೇಗಿರುತ್ತಾರೆ ಎಂದು ನಾನು ನೋಡಿಯೇ ಇರಲಿಲ್ಲ.

ಆ ಎತ್ತರದಿಂದ ಊರು ಬೇರೆಯಾಗಿಯೇ ಕಾಣುತ್ತಿತ್ತು. ಕಾರುಗಳ ಮಾಡು, ಜನರ ನೆತ್ತಿ, ಆಚೆ ಸಮುದ್ರ. ಭೇಲ್‌ಪುರಿಯ ಸಾಲಿನ ಹತ್ತಿರ ಜಂಗುಳಿ ದಟ್ಟವಾಯಿತು. ಬಲೂನಿನವನೊಬ್ಬ ಥಟ್ಟನೆ ಮುಂದೆ ಬಂದ.

ಟಣ್!

ಹಿತ್ತಾಳೆಯ ಗಂಟೆಯ ಸದ್ದು. ಬಲೂನಿನವನು ಬದಿಗೆ ಹಾರಿದ. ಚಂಪಾ ನಡಿಗೆ ನಿಧಾನಿಸಿತು. ಮುಂದೆ ಒಂದು ಸಂಸಾರ ಅಡ್ಡ ಬಂತು. ಮತ್ತೆ ಟಣ್. ಕಾಕಾನ ಎರಡೂ ಕೈಗಳು ಲಗಾಮನ್ನು ಎದೆಗೆ ಎಳೆದುಕೊಂಡಿದ್ದವು. ಹಾಗಾದರೆ ಗಂಟೆ ಬಾರಿಸಿದ್ದು ಯಾರು? ನಾನು ಬಗ್ಗಿ ನೋಡಿದೆ. ಕಾಲಿಡುವ ಹಲಗೆಯಲ್ಲಿ, ಬಲಗಾಲಿನ ಕೆಳಗೆ, ಸವೆದು ನುಣುಪಾದ ಒಂದು ಕಬ್ಬಿಣದ ಗುಂಡಿ. ಅದನ್ನು ತುಳಿದರೆ ಹಲಗೆಯ ಅಡಿಯಲ್ಲಿ ಕಟ್ಟಿದ ಗಂಟೆ ಹೊಡೆಯುತ್ತದೆ. ಯಾರೇ ಅಡ್ಡ ಬರಲಿ, ಕೈ ಜಗ್ಗುತ್ತದೆ, ಬಲಗಾಲು ತುಳಿಯುತ್ತದೆ. ಆ ಗುಂಡಿ ಇದ್ದದ್ದು, ನನ್ನ ಅಂಬಾಸಿಡರಿನಲ್ಲಿ ಎಕ್ಸಲರೇಟರ್ ಇರುವಲ್ಲೇ.

ಆ ಮನುಷ್ಯ ಎರಡು ತಿಂಗಳಿಂದ ಎದುರಿಗೆ ಬಂದ ಪ್ರತಿಯೊಬ್ಬರಿಗೂ ಗಂಟೆ ಬಾರಿಸಿ ಎಚ್ಚರಿಸುತ್ತಿದ್ದ. ನಾನು ಹಾಯಿಸುತ್ತೀರಾ ಎಂದು ಕೇಳಿದ್ದೆ.

"ಕಾಕಾ, ಈ ಗಂಟಿ ನೀವು ಯಾವಾಗ ಬಾರಸ್ತೀರಿ ಅನ್ನೂದು ನಿಮಗ ಗೊತ್ತದೇನು?"

"ಯಾವ ಗಂಟಿ?" ಎಂದರು. ಆಮೇಲೆ ತಮ್ಮ ಕಾಲನ್ನು ತಾವೇ ನೋಡಿಕೊಂಡರು. ಇನ್ನೊಮ್ಮೆ ಗುಂಡಿ ತುಳಿದು ನೋಡಿದರು. ಕೊನೆಗೆ, "ಹತ್ತೇರಿ!" ಎಂದರು.

ಕಾಲಿಗೆ ಆ ಅಭ್ಯಾಸ ಬಿಡಿಸುವುದು ನಮ್ಮಿಂದಾಗದು ಎನ್ನುವುದು ಅಷ್ಟು ದಿನಗಳಲ್ಲಿ ನನಗೆ ಗೊತ್ತಾಗಿತ್ತು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ತೀರ್ಮಾನ ಮಾಡಿದೆ. ಬಿಡಿಸುವುದು ಬೇಡ. ಕಾಲು ಗಂಟೆಯನ್ನು ಹುಡುಕುತ್ತದೆಯಾದರೆ ಗಂಟೆಯನ್ನೇ ಬ್ರೇಕಿನ ಹತ್ತಿರಕ್ಕೆ ತರೋಣ.

ಮಾಲೀಕರಿಗೆ ಹೇಳಿದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗಾಡೀ ಮೇ ಘಂಟಾ? ಮಂದಿರ್ ಹೈ ಕ್ಯಾ?" ಎಂದರು. ನಾನು ಕಾಲಿನಿಂದ ಬಾರಿಸುವ ಗಂಟೆಯ ವಿಷಯ ಬಿಡಿಸಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ತಮ್ಮ ಬಲಪಾದವನ್ನು ಮೇಜಿನ ಕೆಳಗೆ ಒಮ್ಮೆ ಒತ್ತಿ ನೋಡಿದರು. ಚಿಕ್ಕಂದಿನಲ್ಲಿ ಅವರ ಮನೆಯಲ್ಲೇ ಒಂದು ವಿಕ್ಟೋರಿಯಾ ಇತ್ತಂತೆ. "ಪಂದ್ರಾ ದಿನ್," ಎಂದರು. ಹದಿನೈದು ದಿನ.

ಕಾಕಾ ತಮ್ಮ ಗಾಡಿಯ ಗಂಟೆಯನ್ನು ಬಿಚ್ಚಿ ಟವಲಿನಲ್ಲಿ ಸುತ್ತಿ ತಂದರು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬ್ರೇಕ್ ಪೆಡಲಿನ ತೋಳಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದ. ಪೆಡಲ್ ಕೆಳಗಿಳಿದಾಗ ಆ ಪಟ್ಟಿ ಗಂಟೆಯ ಗುಂಡಿಯನ್ನು ಒತ್ತಬೇಕು. ಮೊದಲನೇ ಸಲ ಗಂಟೆ ನೆಲದ ರಬ್ಬರಿಗೆ ತಾಗಿ, ಗಂಟಲು ಕಟ್ಟಿದವರಂತೆ 'ಟಕ್' ಎಂದಿತು. ರಬ್ಬರು ಕತ್ತರಿಸಿದೆವು. ಎರಡನೇ ಸಲ ಸದ್ದು ಬಂತು, ಆದರೆ ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಾತ್ರ. ಮೊದಲ ಪಾಠದಲ್ಲೇ ಕಾಕಾ ಗಂಟೆ ಬಾರಿಸುವ ಉತ್ಸಾಹದಲ್ಲಿ ಎಷ್ಟು ಜೋರಾಗಿ ತುಳಿದರೆಂದರೆ ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಆದರೂ ಹಣೆ ಉಜ್ಜಿಕೊಳ್ಳುತ್ತ ನಾನು ನಗುತ್ತಿದ್ದೆ. ಕಾರು ನಿಂತಿತ್ತು. ಅವರೇ ನಿಲ್ಲಿಸಿದ್ದರು.

ಮೆಕ್ಯಾನಿಕ್ ಪಟ್ಟಿಯನ್ನು ಒಂದಿಂಚು ಉದ್ದ ಮಾಡಿದ. ಈಗ ಪೆಡಲ್ ಸ್ವಲ್ಪ ಇಳಿದರೂ ಸಾಕು, ಟಣ್. ಮೆತ್ತಗೆ ಒತ್ತಿದರೆ ಮೆತ್ತಗೆ ಸದ್ದು. ಕಾಲಿಗೆ ಬೇಕಾದದ್ದು ಸಿಕ್ಕಿತು. ಮೊದಲ ಮೂರು ದಿನ ಒಂದೆರಡು ಸಲ ಹಳೆಯ ಜಾಗಕ್ಕೇ ಹೋಯಿತು. ಅಲ್ಲಿ ಎಂಜಿನ್ ಕಿರುಚಿತೇ ಹೊರತು ಗಂಟೆ ಸದ್ದು ಮಾಡಲಿಲ್ಲ. ನಾಲ್ಕನೇ ದಿನದಿಂದ ನೇರ ನಡುವಿಗೆ. ವಡಾಳಾದಿಂದ ದಾದರಿನ ಹೂವಿನ ಸಂತೆಯವರೆಗೆ ನಮ್ಮ ಕಾರು ಟಣ್ ಟಣ್ ಎಂದು ಸದ್ದು ಮಾಡುತ್ತ ಹೋಗುತ್ತಿತ್ತು. ಬಸ್ ಸ್ಟಾಪಿನಲ್ಲಿ ನಿಂತವರು ಐಸ್‌ಕ್ರೀಮಿನ ಗಾಡಿ ಬಂತೇನೋ ಎಂದು ಹೊರಳಿ ನೋಡುತ್ತಿದ್ದರು.

ಕೈಯ ವಿಷಯಕ್ಕೆ ನಾನು ಏನೂ ಮಾಡಲಿಲ್ಲ. ಕಾಲು ಗಾಡಿಯನ್ನು ನಿಲ್ಲಿಸಲು ಶುರುಮಾಡಿದ ಮೇಲೆ ಕೈ ತಾನಾಗಿಯೇ ಜಗ್ಗುವುದನ್ನು ಬಿಟ್ಟಿತು.

ಹತ್ತನೇ ದಿನ ಗಂಟೆಯ ಒಳಗೆ ಬಟ್ಟೆ ತುರುಕಿದೆ. ಸದ್ದು ಅರ್ಧವಾಯಿತು. ಹನ್ನೆರಡನೇ ದಿನ ಗಂಟೆಯನ್ನೇ ಬಿಚ್ಚಿಸಿದೆ. ಕಾಕಾಗೆ ಹೇಳದೆ, ಬೇಕೆಂದೇ ಮೀನು ಮಾರ್ಕೆಟ್ಟಿನ ರಸ್ತೆಗೆ ಕರೆದುಕೊಂಡು ಹೋದೆ. ಬುಟ್ಟಿ ಹೊತ್ತ ಬೆಸ್ತರ ಹೆಂಗಸೊಬ್ಬಳು ಬಾನೆಟ್ಟಿನ ಮುಂದೆಯೇ ಹಾದಳು. ಕಾರು ನಿಂತಿತು. ಸದ್ದಿಲ್ಲ. ಕಾಕಾ ತಲೆ ಬಗ್ಗಿಸಿ ಕಾಲ ಬಳಿ ಹುಡುಕಿದರು.

"ಗಂಟಿ ಎಲ್ಲೈತ್ರಿ?"

"ಹಿಂದ ಡಿಕ್ಯಾಗದ. ಸಂಜೀಕ ಗಾಡಿಗೆ ಕಟ್ಟಗೋರಿ."

ಅವರು ಬ್ರೇಕಿನ ಮೇಲೆ ಇಟ್ಟ ಕಾಲನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ಕೂತರು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ ಮೇಲೆ ಗೇರು ಹಾಕಿದರು.

ಎರಡನೇ ಟೆಸ್ಟಿನ ದಿನ ಮಳೆ ಹಿಡಿದಿತ್ತು. ಹಿಂದಿನ ದಿನವೇ ಶುರುವಾದದ್ದು ಬಿಟ್ಟಿರಲಿಲ್ಲ. ಮತ್ತೆ ಅದೇ ಇನ್ಸ್‌ಪೆಕ್ಟರು. ನನ್ನನ್ನು ನೋಡಿ, ನೆನೆಯುತ್ತ ನಿಲ್ಲಬೇಡ, ಹಿಂದೆ ಕೂತುಕೋ, ಬಾಯಿ ಮಾತ್ರ ಬಿಡಬೇಡ ಎಂದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೊದಲ ಸಲ ನನ್ನ ಕಾಲಿಗೆ ಬ್ರೇಕ್ ಇರಲಿಲ್ಲ.

ಪೆಡ್ಡರ್ ರಸ್ತೆಯ ಏರಿನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇನ್ಸ್‌ಪೆಕ್ಟರು ಕೊಡೆ ಹಿಡಿದು ಇಳಿದು, ಹಿಂದಿನ ಚಕ್ರದ ಬೆನ್ನಿಗೆ ಒಂದು ಖಾಲಿ ಬೆಂಕಿಪೊಟ್ಟಣ ಇಟ್ಟರು. ಹೊರಡುವಾಗ ಅದು ಅಪ್ಪಚ್ಚಿಯಾಗಬಾರದು. ಕಾಕಾ ಕ್ಲಚ್ಚನ್ನು ಅರ್ಧ ಬಿಟ್ಟು, ಎಂಜಿನ್ನಿನ ಸದ್ದು ಭಾರವಾಗುವವರೆಗೆ ಕಾದು, ಹ್ಯಾಂಡ್ ಬ್ರೇಕ್ ಇಳಿಸಿದರು. ಪೊಟ್ಟಣ ನೆನೆದಿತ್ತು, ಆದರೆ ಇಡಿಯಾಗಿಯೇ ಇತ್ತು.

ವಾಪಸು ಬರುವಾಗ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ನಾವು ಸಿಕ್ಕಿಕೊಂಡೆವು. ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ಬಂದ್ ಆಗಿದ್ದವು. ರೈಲಿನಲ್ಲಿದ್ದ ಜನವೆಲ್ಲ ಸ್ಟೇಷನ್ನಿನಿಂದ ಹೊರಗೆ ಸುರಿಯುತ್ತಿತ್ತು. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಟಿಫಿನ್ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಇಡೀ ರಸ್ತೆಯ ಅಗಲಕ್ಕೂ ಜನ. ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದವು, ಯಾರೂ ಕೇಳುತ್ತಿರಲಿಲ್ಲ. ಇಂಥ ರಸ್ತೆಯಲ್ಲಿ ಟೆಸ್ಟು ಮಾಡುವ ಉದ್ದೇಶ ಇನ್ಸ್‌ಪೆಕ್ಟರಿಗೂ ಇರಲಿಲ್ಲ. ಹಿಂದೆ ಸರಿಯಲು ಜಾಗವೇ ಉಳಿದಿರಲಿಲ್ಲ. ಅವರು ನಿಧಾನವಾಗಿ ತಮ್ಮ ಬೂಟನ್ನು ಎರಡನೇ ಬ್ರೇಕಿನ ಮೇಲೆ ಇಟ್ಟುಕೊಂಡದ್ದು ನನಗೆ ಕಂಡಿತು.

ಕಾಕಾ ಮಾತ್ರ ಮನೆಗೆ ಬಂದವರಂತೆ ಕೂತಿದ್ದರು. ಭಾನುವಾರ ಸಂಜೆಯ ಚೌಪಾಟಿ ಅದು, ಅಷ್ಟೇ. ಕಾರನ್ನು ಕುದುರೆಯ ನಡಿಗೆಗೆ ತಂದರು. ಹಾರ್ನ್ ಮುಟ್ಟಲಿಲ್ಲ. ಕಿಟಕಿ ಇಳಿಸಿ, ಮಳೆಗೆ ಒಂದು ಕೈ ಹೊರಗೆ ಚಾಚಿ, "ಜರಾ ಬಾಜೂ, ಭಾಊ. ಬಾಜೂ ಬೇಟಾ. ತಾಯೀ, ಸಾವಕಾಶ," ಎನ್ನುತ್ತ ಹೋದರು. ಜನ ದಾರಿ ಬಿಟ್ಟರು. ಒಂದು ಕಡೆ, ನೀರಿನೊಳಗೆ ಗುಂಡಿ ಕಾಣದೆ, ಮಗುವಿನ ಕೈ ಹಿಡಿದ ಹೆಂಗಸೊಬ್ಬಳು ನಮ್ಮ ಬಂಪರಿನ ಮುಂದೆಯೇ ಮುಗ್ಗರಿಸಿದಳು. ಕಾರು ಆಗಲೇ ನಿಂತಿತ್ತು. ಒಂದು ಜಗ್ಗಾಟವಿಲ್ಲ, ಒಂದು ಕುಲುಕಾಟವಿಲ್ಲ. ಅವಳು ಬಾನೆಟ್ಟಿನ ಮೇಲೆ ಕೈಯೂರಿ ಎದ್ದು, ಸೆರಗು ಹಿಂಡಿಕೊಂಡು ಮುಂದೆ ಹೋದಳು.

ಇನ್ಸ್‌ಪೆಕ್ಟರು ಬೂಟನ್ನು ಪೆಡಲಿನಿಂದ ತೆಗೆದು ಕಾಲು ಮಡಚಿಕೊಂಡು ಕೂತರು. ಜಂಗುಳಿ ಕಳೆದ ಮೇಲೆ ಕೇಳಿದರು: "ಇತಕೀ ವರ್ಷ ಗಾಡೀ ಕುಠೇ ಚಾಲವತ ಹೋತಾ ತುಮ್ಹೀ?" ಇಷ್ಟು ವರ್ಷ ಗಾಡಿ ಎಲ್ಲಿ ಓಡಿಸುತ್ತಿದ್ದಿರಿ ಎಂದು. ಹೋದ ಸಲ ಅವರು 'ನೀನು' ಎಂದು ಕರೆದಿದ್ದರು.

"ಚೌಪಾಟೀಲಾ, ಸಾಹೇಬ," ಎಂದರು ಕಾಕಾ.

ಇನ್ಸ್‌ಪೆಕ್ಟರಿಗೆ ಅದು ಅರ್ಥವಾಯಿತೋ ಇಲ್ಲವೋ. ಕಾಗದವನ್ನು ತೊಡೆಯ ಮೇಲಿಟ್ಟು, ಒದ್ದೆಯಾಗದಂತೆ ಕೈ ಮರೆಮಾಡಿ, ಸಹಿ ಹಾಕಿದರು.

ಆ ವಾರವೇ ಚಂಪಾಳನ್ನು ವಸಯಿಗೆ ಕಳಿಸಿದರು. ಟ್ಯಾಕ್ಸಿ ಚಾಲಕನ ಬಿಲ್ಲೆ, ಅಂದರೆ ಬ್ಯಾಡ್ಜು, ಸಿಗಲು ಇನ್ನಷ್ಟು ದಿನ ಓಡಾಟವಾಯಿತು, ಅದೂ ಆಯಿತು. ಊರಿನ ಆ ಮಾಲೀಕ ಮಾತು ಉಳಿಸಿಕೊಂಡ. ಕಾಕಾಗೆ ಬಂದದ್ದು ಎಲ್ಲರಂತೆ ಚಿಕ್ಕ ಕಪ್ಪು-ಹಳದಿ ಟ್ಯಾಕ್ಸಿ. ಹಿಂದಿನ ಸೀಟಿಗೆ ಜಾಗ ಹೆಚ್ಚಾಗಲೆಂದು ಅವರು ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಸರಿಸಿಕೊಂಡಿದ್ದರೆಂದರೆ ಅವರ ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿತ್ತು. ಸ್ಕೂಲಿನಲ್ಲಿ ಆರರ ಪಾಠಕ್ಕೆ ಒಬ್ಬ ದಂತವೈದ್ಯರು ಸೇರಿಕೊಂಡರು. ಅವರಿಗೆ ನಾನು ಮೊದಲ ದಿನ ಕೇಳಿದ ಪ್ರಶ್ನೆ, ಕೆಲಸ ಮಾಡುವಾಗ ನಿಮ್ಮ ಕಾಲು ಏನು ಮಾಡುತ್ತದೆ ಎಂದು.

ದಸರೆಯ ಹೊತ್ತಿಗೆ ಬೊರಿವಲಿಯಲ್ಲಿ ನನ್ನ ನಾದಿನಿಯ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ತೊಟ್ಟಿಲು, ಎರಡು ದೊಡ್ಡ ಪಾತ್ರೆ, ನನ್ನ ಹೆಂಡತಿ, ನಾನು. ಲೋಕಲ್ಲಿನಲ್ಲಿ ಹೇಗೆ ಹೋಗುವುದು ಎಂದು ಯೋಚಿಸುತ್ತಿರುವಾಗ ಕಾಕಾಗೆ ಹೇಗೋ ಗೊತ್ತಾಗಿ ಟ್ಯಾಕ್ಸಿ ತಂದು ಗೇಟಿನಲ್ಲಿ ನಿಲ್ಲಿಸಿದರು. ತೊಟ್ಟಿಲನ್ನು ಮಾಡಿನ ಮೇಲೆ ಕಟ್ಟಿದರು. ನಾವಿಬ್ಬರೂ ಹಿಂದೆ ಕೂತೆವು.

ಕಲಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಯಾರ ಗಾಡಿಯಲ್ಲಿ ಕೂತರೂ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಬಸ್ಸಿನಲ್ಲೂ ನನ್ನ ಹೆಂಡತಿ ಮೊಣಕಾಲಿಗೆ ಚಿವುಟಿ ನಿಲ್ಲಿಸಬೇಕು. ಮಾಹೀಮಿನವರೆಗೆ ಒತ್ತಿದ್ದು ನೆನಪಿದೆ. ಬಾಂದ್ರಾದ ಮಸೀದಿಯ ತಿರುವಿನಲ್ಲಿ ಒಮ್ಮೆ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಅಂಧೇರಿಯ ಸಿನೆಮಾ ಪೋಸ್ಟರುಗಳು ಬಂದವು. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಟ್ಯಾಕ್ಸಿ ಒಂದು ಹುಣಸೆ ಮರದ ನೆರಳಿನಲ್ಲಿ ನಿಂತಿತ್ತು. ಮಾಡಿನ ಮೇಲೆ ತೊಟ್ಟಿಲಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಇರಲಿಲ್ಲ. ನನ್ನ ತಲೆಯ ಕೆಳಗೆ ಮಡಿಸಿದ ಟವಲಿತ್ತು. ಬಿಸಿಲು ಆಚೆ ಬದಿಗೆ ಹೋಗಿತ್ತು. ಕಾಕಾ ಫುಟ್‌ಪಾತಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಕಾಕಾ! ಎಷ್ಟೊತ್ತಾತು?"

"ಹೆಸರಿಟ್ಟಾತು, ಊಟಾನೂ ಆತ್ರಿ. ನಿಮ್ಮ ಹೋಳಗಿ ಮುಚ್ಚಿ ಇಟ್ಟಾರ."

"ಅಲ್ರೀ, ಎಬ್ಬಸಬಾರದೇನು?"

"ಅಕ್ಕಾರು ಎಬ್ಬಸ್ತೇನಂದ್ರು. ನಾನs ಬ್ಯಾಡಂದೆ." ಬಾಯಲ್ಲಿ ಎಲೆ ಇದ್ದದ್ದರಿಂದ ಮಾತು ನಿಧಾನವಾಗಿ ಬಂತು. "ಮೂರು ತಿಂಗಳು ನನ್ನ ಬಾಜೂಕ ಕುಂತು ನಿಮಗ ಒಂದಿನಾ ಕಣ್ಣು ಮುಚ್ಚಾಕ ಆಗಿರಲಿಲ್ಲ. ಇವತ್ತು ಮುಚ್ಚೀರಿ. ನಾ ಹೆಂಗ ಎಬ್ಬಸ್ಲಿ ಮಾಸ್ತರ?"